ಅಕ್ಕ-ತಂಗಿಗೆ ಕೊಟ್ಟ ಮನೆ

ಒಬ್ಬಳೇ ಹೆಂಗಸಿಗೆ ಮನೆ ಕೊಡುವುದಿಲ್ಲ ಎಂದು ಒಂದೇ ದಿನ ಮೂರು ಕಡೆ ಅನ್ನಿಸಿಕೊಂಡರೆ ಎಂಥವಳಿಗೂ ತಲೆ ಕೆಡುತ್ತದೆ. ನನಗಂತೂ ಕೆಟ್ಟಿತ್ತು. ಎಂಬತ್ತೊಂದನೇ ಇಸವಿ. ಕುಷ್ಟಗಿ ರಸ್ತೆಯ ಹಳ್ಳಿಯೊಂದರ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತ್ತು. ಕೊಪ್ಪಳದಲ್ಲಿ ದೂರದ ಚಿಕ್ಕಮ್ಮನ ಪಡಸಾಲೆಯಲ್ಲಿ ಮಲಗುತ್ತಿದ್ದೆ. ಆ ಮಹಾತಾಯಿ ತಾಟಿಗೆ ರೊಟ್ಟಿ ಹಾಕುವಾಗಲೆಲ್ಲ "ಮನಿ ನೋಡಿದೇನವಾ?" ಎಂದು ಕೇಳುತ್ತಿದ್ದಳು.

ಮೂರನೆಯ ಮನೆಯವರೂ ಆಗುವುದಿಲ್ಲ ಎಂದಾಗ, ಅದೇ ಮನೆಯ ಕಟ್ಟೆಯ ಮೇಲೆ ಇನ್ನೊಬ್ಬಳು ಮುಖ ಊದಿಸಿಕೊಂಡು ಕೂತಿದ್ದಳು. ಅವಳಿಗೂ ಅದೇ ಉತ್ತರ ಸಿಕ್ಕಿತ್ತು. ನವಲಿಯ ಹಂಪವ್ವ. ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ಕೆಲಸ. ಅಲ್ಲಿ ಕ್ವಾರ್ಟರ್ಸ್ ಖಾಲಿ ಇಲ್ಲದ್ದಕ್ಕೆ ಕೊಪ್ಪಳದಿಂದ ರೈಲಿನಲ್ಲಿ ಓಡಾಡುತ್ತಿದ್ದಳು. ನನ್ನ ಹೆಸರು ಕೇಳಿದಳು. ಪಾರ್ವತೆಮ್ಮ ಎಂದೆ.

"ನನಗಿಂತ ಸಣ್ಣಾಕಿ ಅದಿ. ಇವತ್ತಿನಿಂದ ನೀ ನನ್ನ ತಂಗಿ. ಏಳು, ಮುಂದಿನ ಮನಿ ಕೇಳೂಣು," ಎಂದಳು.

ಅಕ್ಕ-ತಂಗಿ ಎಂದ ಕೂಡಲೇ ಬಾಗಿಲುಗಳು ತೆರೆದವು. ಬಸ್ ಸ್ಟ್ಯಾಂಡಿನ ಹಿಂದೆ ವಿರುಪಣ್ಣನವರ ಮನೆ: ಸಿಮೆಂಟಿನ ನೆಲ, ಅಂಗಳದಲ್ಲಿ ನಲ್ಲಿ. ಅವರು ನಮ್ಮ ಊರು, ಜಾತಿ ಕೇಳಿದಾಗ ಹಂಪವ್ವ ತನ್ನದನ್ನೇ ಇಬ್ಬರಿಗೂ ಸೇರಿಸಿ ಹೇಳಿಬಿಟ್ಟಳು. ನನ್ನ ಜಾತಿ ಬೇರೆ, ಅಂಥವರ ಲೆಕ್ಕದಲ್ಲಿ ಕೆಳಗಿನದು. ಅವಳು ಮಾತ್ರ ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. ಇನ್ನೊಂದು, ರೈಲ್ವೆ ಸ್ಟೇಶನ್ನಿನ ಹತ್ತಿರದ ಹಾಜಿಸಾಬರ ಮನೆ: ತಗಡಿನ ಮಾಡು, ಉಪ್ಪು ನೀರಿನ ಬಾವಿ. ಜಾತಿ ಗೀತಿ ಏನೂ ಕೇಳಲಿಲ್ಲ.

ನನಗೆ ವಿರುಪಣ್ಣನವರ ಮನೆಯೇ ಬೇಕಾಗಿತ್ತು. ಮನೆ ಬಿಟ್ಟರೆ ಬಸ್ಸು, ಬಸ್ಸು ಬಿಟ್ಟರೆ ಮನೆ. ಅದಕ್ಕೇ ಜಗಳ ಬಿತ್ತು.

"ನೀ ಬೆಳಕಿನ್ಯಾಗ ಬರ್ತಿ, ನನ್ನ ಗಾಡಿ ಕತ್ತಲಾದ ಮ್ಯಾಲೆ ಬರ್ತೈತಿ," ಎಂದಳು ಹಂಪವ್ವ. "ಟೇಶನ್ನಿಂದ ಊರಾಗಿನ ಮಟ ಒಬ್ಬಾಕಿ ಹೆಂಗ ನಡೀಲಿ ಹೇಳು."

"ಹಂಗಾರ ದಿನಾ ಮುಂಜಾನಿ ಊರು ದಾಟಿ ನಾ ನಡೀಬೇಕೇನು? ನನ್ನವು ಕಾಲಲ್ಲೇನು?"

"ನಿನ್ನ ಬಾಯಿ ನಡದಷ್ಟು ಕಾಲು ನಡದ್ರ ಕುಷ್ಟಗಿ ಮಟ ಬಸ್ಸಾ ಬ್ಯಾಡ," ಎಂದು ನಕ್ಕಳು. ನನಗೂ ನಗು ಬಂದುಬಿಟ್ಟಿತು. ನಕ್ಕ ಮೇಲೆ ಇನ್ನೇನು, ಹಾಜಿಸಾಬರ ಮನೆಗೇ ಹೋದೆವು.

ಬಯ್ದುಕೊಳ್ಳುತ್ತಲೇ ನಡೆದೆ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಸಂಜೆ ಶಾಲೆಯಿಂದ ಬಂದು ಅನ್ನಕ್ಕಿಟ್ಟು, ಗಾಡಿಯ ಹೊತ್ತಿಗೆ ಸ್ಟೇಶನ್ನಿಗೆ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದೆ. ಮನೆ ಅಷ್ಟು ಹತ್ತಿರವಿದ್ದರೂ ಹೋಗುತ್ತಿದ್ದೆ. ಇಳಿಯುತ್ತಲೇ ಅವಳು ನನ್ನನ್ನು ಹುಡುಕುತ್ತಿದ್ದಳು. ಅವಳು ತಂದ ಮಿರ್ಚಿ ಭಜಿ, ಮಂಡಾಳು ಅಂದರೆ ಮಂಡಕ್ಕಿ, ಎರಡನ್ನೂ ಒಂದೇ ತಾಟಿನಲ್ಲಿ ಹಾಕಿಕೊಂಡು ತಿನ್ನುತ್ತಿದ್ದೆವು. ಹಾಜಿಸಾಬರ ಹೆಂಡತಿ ಜೈನಾಬೀ ನನ್ನನ್ನು 'ಸಣ್ಣವ್ವ' ಎಂದೂ ಅವಳನ್ನು 'ದೊಡ್ಡವ್ವ' ಎಂದೂ ಕರೆಯುತ್ತಿದ್ದಳು. ನಮ್ಮ ಊರಿನ ಮನೆಯಲ್ಲಿ ನಾನು ಒಬ್ಬಳೇ ಮಗಳು. ಅಕ್ಕ ಎನ್ನುವುದು ಬಾಯಿಗೆ ರೂಢಿಯಾಯಿತು, ಆಮೇಲೆ ಮನಸ್ಸಿಗೂ ಆಯಿತು. ಮೂರು ವರ್ಷ ಹಾಗೇ ಕಳೆಯಿತು.

ಒಂದು ಸಂಜೆ ಬಾವಿಯ ಹತ್ತಿರ ಹಾಜಿಸಾಬರು ಸಿಕ್ಕರು.

"ನಿಮ್ಮ ಅಕ್ಕಗ ಮುನಿರಾಬಾದಿನ್ಯಾಗ ಕ್ವಾಟ್ರಸ್ ಸಿಕ್ಕೈತಂತ. ಭಾಳ ಛಲೋ ಆತವಾ. ನಮ್ಮ ಅಳಿಯಗ ಇಲ್ಲಿಗೇ ವರ್ಗ ಆಗೈತಿ, ಈ ಮನಿ ಅವಗ ಕೊಡ್ತೀನಿ ಅಂತ ಮಾತು ಕೊಟ್ಟೀನಿ. ನೀವು ಹೆಂಗೂ ತಿಂಗಳ ಕಡೀಗಿ ಹೋಗ್ತೀರಲ್ಲ."

ಅಕ್ಕ ನನಗೆ ಮೊದಲು ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಬಂದ ಸಿಟ್ಟು ಕೊಡ ತುಂಬುವುದರೊಳಗೆ ಇಳಿಯಿತು. ಮುನಿರಾಬಾದಿನಿಂದ ಮುಂಜಾನೆಯ ಗಾಡಿಗೆ ಕೊಪ್ಪಳಕ್ಕೆ ಬರುವುದು, ಇಲ್ಲಿಂದ ಕುಷ್ಟಗಿ ಬಸ್ಸು ಹಿಡಿಯುವುದು. ಓಡಬೇಕಾಗುತ್ತದೆ, ಓಡಿದರಾಯಿತು. ಬಸ್ ಸ್ಟ್ಯಾಂಡಿನ ಹತ್ತಿರವೇ ಇರಬೇಕೆಂದು ಹಟ ಹಿಡಿದಿದ್ದ ನಾನೇ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಗುವೂ ಬಂತು. ಅವತ್ತು ಗಾಡಿ ಬರುವ ಮೊದಲೇ ಹೋಗಿ ಕೂತೆ.

ಅವಳು ಇಳಿಯುತ್ತಲೇ ಗಾಡಿ, ಬಸ್ಸಿನ ಲೆಕ್ಕ ಎಲ್ಲವನ್ನೂ ಪಟಪಟನೆ ಹೇಳಿದೆ. ಹಂಪವ್ವ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಊರಿಂದ ನಮ್ಮವ್ವನ್ನ ಕರಸಬೇಕಂತ ಮಾಡೀನಿ, ಪಾರು."

"ಕರಸು. ಮೂವರೂ ಇರೂಣು. ನಂಗೂ ಒಬ್ಬಾಕಿ ಅವ್ವ ಆಗ್ತಾಳ."

"ನಮ್ಮವ್ವ ಹಳೇ ಕಾಲದಾಕಿ. ಒಲಿ ಹತ್ತರ ಯಾರನ್ನೂ ಬಿಡಂಗಿಲ್ಲ."

ಜಾತಿ ಎಂಬ ಮಾತನ್ನು ಅವಳು ಆಡಲಿಲ್ಲ. ನಾನೂ ಆಡಲಿಲ್ಲ. ಮೂರು ವರ್ಷ ಒಲೆ ಹಚ್ಚಿದವಳು ನಾನೇ ಅಲ್ಲವೇ ಎಂದು ಕೇಳಬೇಕೆನಿಸಿತು. ಅವಳ ಚೀಲ ಇಸಿದುಕೊಂಡು ಮನೆಯ ಕಡೆ ನಡೆದೆ. ಮಂಡಾಳಿನ ಪೊಟ್ಟಣ ಹಾಗೇ ಚೀಲದಲ್ಲಿ ಉಳಿಯಿತು.

ಅವಳು ಹೋದ ದಿನ ನಾನು ಶಾಲೆಗೆ ರಜೆ ಹಾಕಲಿಲ್ಲ. ಸಂಜೆ ಬಂದಾಗ ಜೈನಾಬೀ, "ದೊಡ್ಡವ್ವ ಮುಂದ ಹೋದಳಲ್ಲ, ನೀ ಯಾವಾಗ?" ಎಂದಳು. "ಸಾಮಾನು ಕಟ್ಟಬೇಕ್ರಿ," ಎಂದೆ. ಅವಳು ನನ್ನ ಅಕ್ಕನಲ್ಲ ಎಂದು ಹೇಳಿದ್ದರೆ ಹಾಜಿಸಾಬರು ಇನ್ನೊಂದೆರಡು ತಿಂಗಳು ಕೊಡುತ್ತಿದ್ದರೋ ಏನೋ. ಹೇಳಲು ಮನಸ್ಸಾಗಲಿಲ್ಲ. ಗಾಡಿಯ ಸಿಳ್ಳು ಕೇಳಿದಾಗ ಕಾಲು ತಾನಾಗಿ ಬಾಗಿಲವರೆಗೆ ಹೋಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಷ್ಟು ಒಂಟಿ ಎನ್ನಿಸಿದ್ದು ನನಗೆ ಅದೇ ಮೊದಲು.

ಮತ್ತೆ ಮನೆ ಹುಡುಕುವ ಪಾಡು. ಒಬ್ಬಳೇ ಹೆಂಗಸಿಗೆ ಕೊಡುವುದಿಲ್ಲ ಎಂಬ ಅದೇ ಹಾಡು. ಕೊನೆಗೆ ವಿರುಪಣ್ಣನವರ ಹಿಂದಿನ ಭಾಗ ಖಾಲಿ ಇದೆ ಎಂದು ಗೊತ್ತಾಗಿ ಅಲ್ಲಿಗೇ ಹೋದೆ. ಅವರು ಮುಖ ನೋಡಿ ಗುರುತು ಹಿಡಿದರು.

"ನೀವು ನವಲಿಯವರಲ್ಲೇನವಾ? ಆವಾಗ ಅಕ್ಕ-ತಂಗಿ ಇಬ್ಬರು ಬಂದಿದ್ರಿ. ಅಕ್ಕ ಎಲ್ಲದಾರ?"

ಮುನಿರಾಬಾದಿನಲ್ಲಿ ಇದ್ದಾಳೆ ಎಂದರೆ, ಹಾಗಾದರೆ ನೀನೇಕೆ ಇಲ್ಲಿ ಎಂದು ಕೇಳುತ್ತಾರೆ. ಅಕ್ಕನೇ ಅಲ್ಲ ಎಂದರೆ ನಾನು ಯಾರೆಂದು ಕೇಳುತ್ತಾರೆ. ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಬಾಯಿಗೆ ಬಂತು.

"ತೀರಿಕೊಂಡ್ಲರಿ," ಎಂದೆ.

ಸುಳ್ಳನ್ನು ಗಟ್ಟಿಯಾಗಿಯೇ ಹೇಳಿದ್ದೆ. ಆದರೆ ಹೇಳಿದ ಮೇಲೆ ಅಳು ಬಂತು, ನಿಲ್ಲಿಸಲು ಆಗಲಿಲ್ಲ. ಸ್ಟೇಶನ್ನಿನಲ್ಲಿ ಬಾರದ್ದು, ಹೊಸ್ತಿಲ ಮೇಲೆ ಬಾರದ್ದು ಎಲ್ಲವೂ ಒಮ್ಮೆಗೇ ಬಂತು. ವಿರುಪಣ್ಣನವರು ಗಾಬರಿಯಾಗಿ ಹೆಂಡತಿ ಯಂಕವ್ವನನ್ನು ಕರೆದರು. ಆಕೆ ಹಿಟ್ಟಿನ ಕೈಯಲ್ಲೇ ಬಂದು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಒಲೆಯ ಮುಂದೆ ಮಣೆ ಹಾಕಿ ಕೂಡಿಸಿದಳು. ಸೆರಗಿನಿಂದ ನನ್ನ ಮುಖ ಒರೆಸಿದಳು.

"ಅಳಬ್ಯಾಡವಾ. ಮನಿ ನಿಂದೇ ಅಂತ ತಿಳಿ, ನಾಳೇನ ಬಂದುಬಿಡು," ಎಂದಳು. ಆಮೇಲೆ ಹೆಂಚಿನ ಮೇಲಿನ ರೊಟ್ಟಿ ತಿರುವಿಹಾಕುತ್ತ, ಮೆಲ್ಲಗೆ ಕೇಳಿದಳು: "ಸ್ವಂತ ಅಕ್ಕ ಏನವಾ, ಇಲ್ಲಾ ದೊಡ್ಡಪ್ಪನ ಮಗಳು?"

"ಸ್ವಂತ ಅಕ್ಕರಿ," ಎಂದೆ.