ಐದನೇ ಕಲ್ಲಿನ ಮಣ್ಣು

ಬೆಟ್ಟದ ಬುಡದ ನರ್ಸರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಬೇರಕ್ಕ ಎಂದೇ. ಬುಡದಿಂದ ನೆತ್ತಿಯವರೆಗೆ ಬೆಟ್ಟಕ್ಕೆ ಸುಣ್ಣ ಬಳಿದ ಐದು ಗುರುತಿನ ಕಲ್ಲುಗಳಿವೆ. ಯಾವ ಕಲ್ಲಿನ ಆಸುಪಾಸು ನೆಡುವ ಸಸಿಯೋ, ಅದೇ ಕಲ್ಲಿನ ಹತ್ತಿರದ ಹಳೆಯ ಮರದ ಬುಡದಿಂದ ಒಂದು ಹಿಡಿ ಮಣ್ಣು ತಂದು ಸಸಿಯ ಚೀಲಕ್ಕೆ ಬೆರೆಸುವುದು ಇಪ್ಪತ್ತೆರಡು ವರ್ಷದಿಂದ ಅವಳು ನಡೆಸಿಕೊಂಡು ಬಂದ ಪದ್ಧತಿ. ಐದನೇ ಕಲ್ಲಿಗೆ ಹೋಗಿ ಬರಲು ಇಡೀ ದಿನ ಹಿಡಿಯುತ್ತದೆ. ಅಲ್ಲಿನ ಮರಗಳು ಗಾಳಿಗೆ ಬಾಗಿ ಎದೆಯೆತ್ತರಕ್ಕೇ ನಿಂತುಬಿಡುತ್ತವೆ. ಅವುಗಳ ಬೇರಿನ ತುದಿತುದಿಗೂ ಕರೀ ಉಣ್ಣೆಯ ಟೋಪಿ ತೊಡಿಸಿದಂತೆ ಬೂಷ್ಟು ಹಿಡಿದಿರುತ್ತದೆ. ಒಂದು ವರ್ಷ ಮಂಡಿನೋವೆಂದು ಬೇರಕ್ಕ ಮಲಗಿದ್ದಳು. ಆ ಸಲ ಬುಡದ ಮಣ್ಣಿನಲ್ಲೇ ಬೆಳೆಸಿ ಮೇಲಕ್ಕೊಯ್ದ ಸಸಿಗಳಲ್ಲಿ ಒಂದೂ ಎರಡನೇ ಬೇಸಿಗೆ ಕಾಣಲಿಲ್ಲ.

ಈ ವರ್ಷ ಮೇಲಕ್ಕೆ ಹೋಗಬೇಕಾದ ಮುನ್ನೂರು ಸಸಿಗಳು ಸಣ್ಣ ಚೀಲದಿಂದ ದೊಡ್ಡ ಚೀಲದ ಹೊಸ ಮಣ್ಣಿಗೆ ಹೋಗಲು ಕಾಯುತ್ತಿದ್ದವು. ಆ ಬೆಳಗ್ಗೆ ಚಪ್ಪರದ ಕಂಬಕ್ಕೆ ಒಂದು ಕಾಗದ ಅಂಟಿಸಿದ್ದರು: 'ಐದನೇ ಕಲ್ಲಿನ ಮಣ್ಣು ತರುವ ಅಗತ್ಯವಿಲ್ಲ. ಎಲ್ಲ ಸಸಿಗಳಿಗೂ ಬುಡದ ಮಣ್ಣು ಸಾಕು. ಆದೇಶದ ಮೇರೆಗೆ.' ಯಾರ ಆದೇಶ? ಹೆಸರಿಲ್ಲ, ಸಹಿಯಿಲ್ಲ.

ಬೇರಕ್ಕ ಕಾಗದ ಕಿತ್ತುಕೊಂಡು, ಮಣ್ಣಿನ ಲೆಕ್ಕ ಬರೆಯುವ ನರ್ಸರಿಯ ಲ್ಯಾಬಿಗೆ ನೇರ ನಡೆದಳು.

ಬೇರುಗಳ ಶಿಲೀಂಧ್ರ ಎಣಿಸಲು ಬಂದ ಡಾಕ್ಟರು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದರು. ಯಾರ ಜ್ವರವನ್ನೂ ಬಿಡಿಸದ ಡಾಕ್ಟರೆಂದು ಅವರನ್ನು ನರ್ಸರಿಯವರು ಗೇಲಿ ಮಾಡುವುದುಂಟು.

"ನೋಡಮ್ಮಾ, ಒಂದನೇ ಕಲ್ಲಲ್ಲಿ ಮೂವತ್ತೊಂದು ಬಗೆ ಸಿಕ್ತು. ಮೇಲೆ ಹೋಗ್ತಾ ಹೋಗ್ತಾ ಕಮ್ಮಿ. ಐದನೇ ಕಲ್ಲಲ್ಲಿ ನಾಲ್ಕೇ ನಾಲ್ಕು," ಎಂದರು ಡಾಕ್ಟರು. "ಏನೂ ಇಲ್ಲದ ಮಣ್ಣನ್ನ ಹೊತ್ತು ತರೋದು ಯಾಕೆ?"

"ಏನೂ ಇಲ್ವಾ? ಬೇರು ಅಗೆದು ನಿಮ್ಮ ಕೈಗೆ ಕೊಟ್ಟವಳು ನಾನು ಸಾರ್. ಕರೀ ಬೂಷ್ಟು ಹಿಡಿದು ಬೇರೇ ಕಾಣ್ತಿರಲಿಲ್ಲ!"

"ಎಣಿಸಿದವನು ನಾನು."

ಆಗಲೇ ಅವಳ ಕಣ್ಣು ತೊಟ್ಟಿಯ ಕಡೆ ಹೋಯಿತು. ಅಲ್ಲಿ ಅವಳ ಓರಗಿತ್ತಿ, ಮೈದುನನ ಹೆಂಡತಿ, ಬೇರು ತೊಳೆಯುತ್ತಿದ್ದಳು. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ತೊಟ್ಟಿಯಲ್ಲಿ ಮಸಿಯಂಥ ನೀರು.

"ಏನೇ ಮಾಡ್ತಿದೀಯ?"

"ತೊಳೀತಿದೀನಕ್ಕ. ಕೆಳಗಿನ ಬೇರಾದ್ರೆ ಒಂದು ಸಲ ಅದ್ದಿ ತೆಗೆದ್ರೆ ಆಯ್ತು. ಮೇಲಿಂದು ಬರೀ ಕೊಳೆ. ಉಜ್ಜೀ ಉಜ್ಜೀ ನನ್ನ ರಟ್ಟೆ ಬಿದ್ದುಹೋಯ್ತು."

ಬೇರಕ್ಕನ ಮೈ ಉರಿದುಹೋಯಿತು. "ಅಯ್ಯೋ ನಿನ್ನ! ಅದು ಕೊಳೆ ಅಲ್ವೇ! ಡಾಕ್ಟರು ಎಣಿಸಬೇಕಾಗಿದ್ದದ್ದೇ ಅದು!"

ತಟ್ಟೆಯಲ್ಲಿ ಐದನೇ ಕಲ್ಲಿನ, ಇನ್ನೂ ತೊಳೆಯದ ಬೇರುಗಳ ಚೀಲವೊಂದಿತ್ತು. ಅದರಿಂದ ಒಂದು ಬೇರು ತೆಗೆದು, ಬರೀ ನೀರಿನಲ್ಲಿ ಅದ್ದಿ, ಡಾಕ್ಟರ ಮುಂದಿಟ್ಟಳು. "ಈಗ ನೋಡಿ."

ಡಾಕ್ಟರು ನೋಡಿದರು. ತಿರುಗಣೆ ತಿರುಗಿಸಿ ಮತ್ತೆ ನೋಡಿದರು. ತಲೆಯೆತ್ತಿದಾಗ ಅವರ ಕಿವಿ ಕೆಂಪಾಗಿತ್ತು.

"ತೊಳೆದವಳು ಅವಳು. ನಂಗೆ ಹೇಗೆ ಗೊತ್ತಾಗ್ಬೇಕು?"

ಓರಗಿತ್ತಿಯ ಕೈಯಿಂದ ಬೇರು ಜಾರಿತು. "ಮುತ್ತಿನ ಹಾಗೆ ಹೊಳೀಬೇಕು ಅಂದವರು ನೀವೇ ಅಲ್ವಾ ಸಾರ್? ಬ್ರಷ್ ತಂದುಕೊಟ್ಟವರೂ ನೀವೇ."

"ತಪ್ಪು ಹೊರಿಸೋಕೆ ಇವಳ ತಲೆಯೇ ಬೇಕಿತ್ತಾ ನಿಮಗೆ?" ಬೇರಕ್ಕನ ದನಿ ಏರಿತು. "ಒಂದು ದಿನ, ಒಂದೇ ಒಂದು ದಿನ, ತೊಟ್ಟಿ ಹತ್ರ ಬಂದು ನಿಂತಿದ್ದೀರಾ? ನಾನು ಇಡೀ ದಿನ ಹತ್ತಿ ಇಳಿದು ತಂದದ್ದನ್ನ ಬಚ್ಚಲಿಗೆ ಬಿಟ್ಟು, ಆಮೇಲೆ ಏನೂ ಇಲ್ಲ ಅಂತ ಬರೀತೀರಾ?"

"ಮೇಲಿನವರಿಗೆ ವರದಿ ಹೋಗಿಬಿಟ್ಟಿದೆ," ಎಂದರು ಡಾಕ್ಟರು ಮೆಲ್ಲಗೆ. "ಮುಂದಿನ ವರ್ಷ ತಿದ್ದೋಣ."

"ಸಸಿ ಮುಂದಿನ ವರ್ಷಕ್ಕೆ ಕಾಯುತ್ತಾ? ಸರಿ, ಇದಕ್ಕೆ ಸಹಿ ಹಾಕಿ." ಕಿತ್ತು ತಂದ ಕಾಗದವನ್ನು ಮೇಜಿನ ಮೇಲೆ ಬಡಿದಳು. "ಮುನ್ನೂರೂ ಒಣಗಿದ ದಿನ ಇದು ಯಾರ ಮಾತು ಅಂತ ಗೊತ್ತಾಗ್ಬೇಕು. ಹಾಕಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಕಾಗದ ನೋಡಿದರು, ತೊಟ್ಟಿಯ ಕರೀ ನೀರು ನೋಡಿದರು. ಮುಚ್ಚಳ ಹಾಕಿದರು. "ನಂಗೆ ಮೀಟಿಂಗಿದೆ," ಎಂದು ಎದ್ದರು.

"ಸಹಿ ಇಲ್ಲದ ಮಾತು ನಂಗೆ ಕೇಳಿಸೋಲ್ಲ," ಎಂದು ಬೇರಕ್ಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಚಪ್ಪರಕ್ಕೆ ಬಂದು ಬುಟ್ಟಿ, ಗುದ್ದಲಿ ಎತ್ತಿಕೊಳ್ಳುವಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು. ಓರಗಿತ್ತಿ ಇನ್ನೊಂದು ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಕೈ ಇನ್ನೂ ಒದ್ದೆ.

"ನಿನ್ನ ತೊಳೆಯೋ ಕೆಲಸ?"

"ಉಜ್ಜಬೇಡ ಅಂತ ಅವರ ಬಾಯಿಂದ ಬರಲಿ, ಆಮೇಲೆ ಮುಟ್ತೀನಿ. ನಡಿ ಅಕ್ಕ."

ಎರಡನೇ ಕಲ್ಲು ದಾಟುವವರೆಗೂ ಬೇರಕ್ಕನ ಬೈಗುಳ ನಿಲ್ಲಲಿಲ್ಲ. ಮೂರನೆಯದರ ಏರಿನಲ್ಲಿ ಉಸಿರು ಸಾಲದೆ ನಿಂತಿತು. ಐದನೆಯದರ ಬಳಿ ಬೇರಕ್ಕ ಒಂದು ಕುಳ್ಳ ಮರದ ಬುಡಕ್ಕೆ ಮಂಡಿಯೂರಿ ಎಲೆಗಸ ಸರಿಸಿ, ಕರೀ ಟೋಪಿ ತೊಟ್ಟ ಬೇರುಗಳನ್ನು ಮಣ್ಣಿನ ಸಮೇತ ಎತ್ತಿ ಬುಟ್ಟಿಗಿಟ್ಟಳು. ಓರಗಿತ್ತಿ ಬಗ್ಗಿ ಅವನ್ನೇ ನೋಡಿದಳು. ಅಂಗೈಗೆ ಹತ್ತಿದ ಕಪ್ಪನ್ನು ಸೀರೆಗೆ ಒರೆಸಲು ಹೋದವಳು ತಡೆದು, ಅದನ್ನೂ ಬುಟ್ಟಿಯೊಳಗೇ ಕೊಡವಿದಳು.