ಮೇಜಿನ ಕೆಳಗಿನ ಹಸಿರು ವೈರು

ಗುಂಯ್ ಅಂತ ತಲೆಯ ಮೇಲೆ ಬಂತು, ಟಕ್ಕಂತ ನಿಂತಿತು, ಮತ್ತೆ ಅದೇ ಜಾಗ, ಹಳಿ ಎರಡಾಗಿ ಒಡೆಯುವ ಕವಲು — ಮೇಜಿನ ಕೆಳಗೆ ಅಂಗಾತ ಮಲಗಿದ್ದವಳಿಗೆ ಸದ್ದಿನಲ್ಲೇ ಗೊತ್ತಾಯಿತು, ಗೊತ್ತಾಗದೆ ಏನು, ಈ ಪುಟಾಣಿ ರೈಲಿನ ಒಂದೊಂದು ವೈರೂ ಅವಳೇ ಎಳೆದದ್ದು, ರೇಡಿಯೋ ರಿಪೇರಿಯವನ ಮಗಳು, ಕೆಂಪು ಒಂದು ಹಳಿಗೆ, ಕಪ್ಪು ಇನ್ನೊಂದಕ್ಕೆ, ಹಸಿರು ಕವಲಿನ ನಡುವಿನ ಲೋಹದ ಚೂರಿಗೆ, ಆ ಹಸಿರು ಕೈಕೊಟ್ಟರೆ ಇಂಜಿನ್ನಿನ ಚಕ್ರಕ್ಕೆ ಅಲ್ಲಿ ಕರೆಂಟೇ ಸಿಗಲ್ಲ, ಮೊಂಡು ಕತ್ತೆಯ ಹಾಗೆ ನಿಂತುಬಿಡುತ್ತೆ. ಮೇಲಿಂದ ಅವನ ದನಿ, ಸಿಕ್ತೇನೇ? ಏನೇ ಅಂತೆ, ಹೆಂಡತಿಯನ್ನು ಬಿಟ್ಟು ರೈಲನ್ನು ಹೊತ್ತುಕೊಂಡು ಹೋದ ಗಂಡ, ಬಾಯಲ್ಲಿ ಮಾತ್ರ ಇನ್ನೂ ಏನೇ. ಹುಡುಕ್ತಾ ಇದ್ದೀನಿ, ಅಂದಳು. ಸುಳ್ಳು. ಸಿಕ್ಕಿ ಎಷ್ಟೋ ಹೊತ್ತಾಯಿತು. ಬೆಳಿಗ್ಗೆ ಫೋನಿನಲ್ಲಿ ಎಷ್ಟು ಮೆತ್ತಗೆ ಮಾತಾಡಿದ, ಎಲೆಕ್ಟ್ರಿಷಿಯನ್ ಬಂದು ತಲೆ ಕೆರ್ಕೊಂಡು ಹೋದ ಕಣೇ, ಸಂಜೆ ಆಫೀಸಿನವರು ನೋಡೋಕೆ ಬರ್ತಾರೆ, ಮರ್ಯಾದೆ ಪ್ರಶ್ನೆ — ಯಾರ ಮರ್ಯಾದೆ ಅಂತ ಕೇಳಬೇಕಿತ್ತು, ಕೇಳದೆ ಬೆಸುಗೆ ಕಡ್ಡಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು, ಯಾಕೆ ಹತ್ತಿದೆ, ಅವನ ಕೈಲಾಗಲ್ಲ ಅನ್ನೋದನ್ನ ಕಣ್ಣಾರೆ ನೋಡೋಕೆ, ಅದೂ ಪೂರ್ತಿ ನಿಜ ಅಲ್ಲ.

ಇಲ್ಲಿ ಬಾಗಿಲು ತೆಗೆದವಳು ಅವನ ಹೊಸ ಹೆಂಡತಿ. ಬನ್ನಿ ಅಕ್ಕಾ — ಅಕ್ಕನಂತೆ, ಯಾವ ತಾಯಿ ಹೆತ್ತ ತಂಗಿಯೋ ಇವಳು, ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವಳ ಕೈಯಲ್ಲಿ ಬಣ್ಣದ ಕುಂಚ ಕಾಣಿಸಿತು, ರೈಲಿನ ಮೇಜಿನ ಮೇಲಿನ ಆಟಿಕೆ ಗುಡ್ಡಕ್ಕೆ ಬಣ್ಣ ಬಳೀತಾ ಇದ್ದಳಂತೆ, ಅವನ ಪಕ್ಕದಲ್ಲೇ ನಿಂತು, ಬಂದ ಕೂಡಲೇ ಅವಳಿಗೆ ಮೇಲೆ ಜಾಗ. ಹಳೇ ಮನೆಯಲ್ಲಿ ನೆಂಟರು ಬಂದಾಗ ತಾನು ಮೇಜಿನ ಕೆಳಗೆ ವೈರು ಹಿಡಿದಿರುತ್ತಿದ್ದಳು, ಮೇಲೆ ಅಬ್ಬಾ ಏನ್ ಕೈ ಸಾರ್ ನಿಮ್ಮದು ಅನ್ನೋ ಮಾತು, ಅವನು ಹ್ಹೆ ಹ್ಹೆ ಅನ್ನುತ್ತಿದ್ದ, ಅತ್ತೆಯೊಬ್ಬರೇ ಬಗ್ಗಿ ನೋಡಿ, ಕೆಳಗಿರೋಳಿಗೆ ಹೆಸರು ಬರಲ್ಲ ಕಣಮ್ಮ, ಎದ್ದು ಬಾ, ಅಂದಿದ್ದರು — ಏಳಲಿಲ್ಲ, ಇವನಿಗೆ ನಾನು ಬೇಕು ಅನ್ನೋ ಸುಖ, ಅದನ್ನೇ ಪ್ರೀತಿ ಅಂದುಕೊಂಡು ಬಿದ್ದಿದ್ದಳು, ದಡ್ಡಿ.

ಟಾರ್ಚ್ ಹಿಡಿದಳು. ಸಾಗಿಸುವಾಗ ಹಸಿರು ವೈರನ್ನು ಕತ್ತರಿಸಿ, ಇಲ್ಲಿ ಬಂದು ತಿರುಚಿ ಟೇಪು ಸುತ್ತಿದ್ದಾನೆ, ಟೇಪು ಜಾರಿದೆ, ಎಳೆಗೆ ಎಳೆ ತಾಗಿಯೂ ತಾಗದ ಹಾಗೆ — ಇಷ್ಟಕ್ಕೆ ಚಕ್ರ ಕೊಳೆಯಾಗಿದೆ ಅಂತ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಪಾಪದ ಇಂಜಿನ್ನಿನ ಚಕ್ರವೆಲ್ಲ ಗೀರು, ತಪ್ಪು ಯಾವತ್ತೂ ಅವನದಲ್ಲ, ಚಕ್ರದ್ದು, ಇಲ್ಲ ಹೆಂಡತಿಯದು. ಬೆಸುಗೆ ಕಡ್ಡಿ ಕಾದಿತ್ತು. ಮೇಲೆ ಮೇಲೆ ಒಂದು ತೊಟ್ಟು ಸೀಸ ಇಟ್ಟರೆ ಸಂಜೆಗೆ ಓಡುತ್ತೆ, ಸ್ವಲ್ಪ ದಿನಕ್ಕೆ ಬಿಡುತ್ತೆ, ಮತ್ತೆ ಫೋನು, ಮತ್ತೆ ಆ ಮೆತ್ತನೆ ದನಿ, ಮತ್ತೆ ಬಸ್ಸು — ಕೈ ತಡೆಯಿತು, ಥೂ, ಇದಕ್ಕಾ ಬಂದದ್ದು, ಉಗುಳಿಸಿಕೊಂಡ ಮೇಲೂ ಬಾಗಿಲು ಕಾಯೋ ಬುದ್ಧಿ. ಎಳೆ ಬಿಡಿಸಿದಳು, ಕೆರೆದು ಹೊಳಪು ತಂದಳು, ರಾಳ ಹಚ್ಚಿ ಕಾಯಿಸಿದಳು, ಸೀಸ ಮಿಂಚಿ ಒಳಗೆಲ್ಲ ಹರಿಯಿತು, ಜಗ್ಗಿ ನೋಡಿದಳು, ಬಂಡೆ. ಇನ್ನು ನನ್ನ ಕರೆಯೋಕೆ ನಿನಗೆ ನೆಪ ಇಲ್ಲ ಕಣಯ್ಯಾ. ಈಗ ರೈಲು ಬಿಡಿ, ಅಂದಳು ಜೋರಾಗಿ.

ಗುಂಯ್ ಅಂತ ಬಂತು, ಕವಲು, ನಿಲ್ಲಲಿಲ್ಲ, ದಾಟಿತು. ಹೊಸಬಳ ಚಪ್ಪಾಳೆ. ಅವನ ದನಿ, ನಾನ್ ಹೇಳಿರ್ಲಿಲ್ವಾ, ಎಲ್ಲೋ ಲೂಸಾಗಿದೆ ಅಂತ. ಕೆಳಗೊಬ್ಬಳು ಇದ್ದಾಳೆ ಅನ್ನೋದು ಇಬ್ಬರಿಗೂ ಮರೆತೇಹೋಯಿತು, ಒಳ್ಳೇದೇ ಆಯಿತು, ಎದ್ದು ಹೋದರಾಯಿತು, ಇಕ್ಕಳ, ಮೀಟರ್, ಚೀಲ, ಮಗ್ಗುಲಾದಳು, ಮೇಜಿನ ಅಂಚಿನಾಚೆ ಅವರ ಪಾದಗಳು, ಹೊಸಬಳು ಚಪ್ಪಲಿ ಕಳಚಿದಳು, ಬರಿಗಾಲನ್ನು ಮೆಲ್ಲಗೆ ಎತ್ತಿ ಅವನ ಪಾದದ ಮೇಲಿಟ್ಟಳು, ಅವನು ಸರಿಸಲಿಲ್ಲ, ಹೆಬ್ಬೆರಳು ಎದ್ದು ಅದನ್ನು ಸವರಿತು, ತನ್ನ ಕಾಲು ಎಂದಾದರೂ ಹಾಗೆ, ಇಲ್ಲ, ತನ್ನ ಕಾಲು ಯಾವಾಗಲೂ ಇಲ್ಲೇ ನೆಲದ ಮೇಲೆ ಚಾಚಿಕೊಂಡು — ಬಸ್ಸು ಹೊರಟುಹೋಗುತ್ತೆ, ಏಳು, ಏಳೇ — ಇಂಜಿನ್ ಇನ್ನೊಂದು ಸುತ್ತು ಬಂತು, ಕವಲು ದಾಟಿತು, ಅವನ ಪಾದದ ಮೇಲೆ ಆ ಪಾದ, ಇನ್ನೊಂದು ಸುತ್ತು, ಆ ಪಾದ, ಅವನ ಪಾದದ ಮೇಲೆ —