ಮೈದುನನ ಹೆಸರು

ಹನ್ನೊಂದನೆಯ ಕೋಣೆಯ ಬಾಗಿಲ ಬಳಿ ಮೂರು ಜೊತೆ ಬೂಟುಗಳು ಹೊರಗೆ ಮುಖ ಮಾಡಿ ಕೂತಿದ್ದವು. ಪೊಲೀಸರು ಬಂದರೆ ಹೊರಡುವುದಕ್ಕೆ ಹದಿನೈದು ನಿಮಿಷ ಕೊಡುತ್ತಾರೆ. ಅದರಲ್ಲಿ ಒಂದು ನಿಮಿಷವೂ ಹುಡುಕಾಟಕ್ಕೆ ಹೋಗಬಾರದೆಂದು ಯೂನಾದಿ ಲೇಸುಗಳನ್ನು ಸಡಿಲಿಸಿ ಇಟ್ಟಿದ್ದ. ಎದುರಿನ ಏಳನೆಯ ಕೋಣೆ ಮಾರ್ಚಿನಿಂದ ಖಾಲಿ. ಅಲ್ಲಿದ್ದ ಮಾರೆಟ್ ಮತ್ತು ಅವಳ ಮಕ್ಕಳನ್ನು ಮಾಸ್ಕೋ ವಿಮಾನ ಹತ್ತಿಸಿದ ದಿನ ಮಗುವಿನ ತಳ್ಳುಗಾಡಿ ಇಲ್ಲೇ ಉಳಿದುಹೋಯಿತು. ಯಾರೂ ಅದನ್ನು ಮುಟ್ಟಿರಲಿಲ್ಲ.

ನಾನು ಆಸ್ಟ್ರಿಯಾದ ಈ ಊರಿಗೆ ಬಂದು ಹದಿನಾರು ವರ್ಷ. ನಮ್ಮೂರು ಗ್ರೋಜ್ನಿಯಲ್ಲಿದ್ದಾಗ ಪ್ರಯೋಗಾಲಯವೊಂದರಲ್ಲಿ ಕಚ್ಚಾ ತೈಲದ ಗಂಧಕ ಅಳೆಯುತ್ತಿದ್ದೆ. ಈಗ ಬೆಳಿಗ್ಗೆ ಬೇಕರಿಯಲ್ಲಿ ಟ್ರೇ ತೊಳೆಯುತ್ತೇನೆ, ಮಧ್ಯಾಹ್ನ ಆಶ್ರಯ ಕೋರಿ ಬಂದವರ ಈ ವಸತಿಗೃಹಕ್ಕೆ ಬಂದು ನಮ್ಮ ಚೆಚೆನ್ ಜನರ ಜರ್ಮನ್ ಕಾಗದಗಳನ್ನು ಓದಿ ಹೇಳುತ್ತೇನೆ.

ಮಂಗಳವಾರ ಬಂದ ಕಾಗದ ಹದಿನಾಲ್ಕು ಪುಟದ್ದಿತ್ತು. ಯೂನಾದಿ, ಅವನ ಹೆಂಡತಿ ಐಝಾನ್, ಅವನ ತಂದೆ ಆಲ್ವಿ ಮೂವರ ಆಶ್ರಯದ ಅರ್ಜಿಯೂ ತಿರಸ್ಕೃತವಾಗಿತ್ತು. ಮೂರು ವರ್ಷದ ಹಿಂದೆ ಮುಸುಕುಧಾರಿಗಳು ಯೂನಾದಿಯ ತಮ್ಮನನ್ನು ಮನೆಯ ಅಂಗಳದಿಂದ ಎಳೆದೊಯ್ದಿದ್ದರು. ಅವನು ಮರಳಲಿಲ್ಲ. ತಮ್ಮ ಎಲ್ಲಿ ಎಂದು ಕಚೇರಿ ಕಚೇರಿ ಅಲೆದು ಕೇಳಿದ್ದಕ್ಕೆ ಯೂನಾದಿಯ ಹೆಸರೂ ಅವರ ಪಟ್ಟಿಗೆ ಸೇರಿತು. ಈಗ ಹಿಂದಕ್ಕೆ ಕಳಿಸಿದರೆ ವಿಮಾನದ ಮೆಟ್ಟಿಲ ಬುಡದಲ್ಲೇ ಅವನನ್ನು ಹಿಡಿದುಕೊಳ್ಳುತ್ತಾರೆ. ಕಾಗದದಲ್ಲಿ ಇದಕ್ಕೆಲ್ಲ ಒಂದೇ ಸಾಲಿನ ಉತ್ತರವಿತ್ತು: ಪತಿ ಹೇಳುವ ತಮ್ಮ ಯಾರೆಂದು ಪತ್ನಿಗೆ ಗೊತ್ತಿಲ್ಲ, ಆದ್ದರಿಂದ ಘಟನೆ ಕಟ್ಟುಕಥೆ.

"ಸುಳ್ಳು ಬರ್ದಿದಾರೆ," ಎಂದ ಯೂನಾದಿ. ಕೋಣೆಯ ಉದ್ದ ನಾಲ್ಕು ಹೆಜ್ಜೆ. ಅವನು ಅದನ್ನು ಅಳೆಯುತ್ತಲೇ ಇದ್ದ. "ಇವಳು ಅವನಿಗೆ ಎರಡು ವರ್ಷ ಅಡುಗೆ ಮಾಡಿ ಹಾಕಿದಾಳೆ. ಗೊತ್ತಿಲ್ಲ ಅಂತಾಳಾ?"

ಐಝಾನ್ ಒಲೆಯ ಕಡೆ ತಿರುಗಿ ಚೆಪಲ್ಗಶ್ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು.

ಕಿಟಕಿಯ ಬಳಿ ಕೂತ ಆಲ್ವಿ ಜಪಮಣಿ ಉರುಳಿಸುತ್ತ ನನ್ನನ್ನು ಕೆಣಕಿದರು. "ಏನಮ್ಮ ತಬಾರಿಕ್, ಆ ತಕ್ಕಡಿ ಹಿಡಿದ ಕೈಯಲ್ಲಿ ನಮ್ಮ ಕಥೆ ತೂಗಿ ನೋಡು. ಎಷ್ಟು ಗ್ರಾಂ ಕಮ್ಮಿ ಬಿತ್ತು?"

"ನೋಡ್ತೀನಿ ಆಲ್ವಿ. ನಂಗೆ ಎರಡು ದಿನ ಬೇಕು."

"ಪೊಲೀಸ್ನೋರಿಗೂ ಹೇಳಿಬಿಡು, ಎರಡು ದಿನ ಬೇಕಂತೆ ಅಂತ."

ವಕೀಲೆ ಬ್ರಿಗಿಟೆ ಮೇಲ್ಮನವಿ ಹಾಕಿ, ಗಂಡ ಹೆಂಡಿರ ಹೇಳಿಕೆಗಳ ಪ್ರತಿ ತರಿಸಿಕೊಟ್ಟಳು. ನಾನು ಹಾಳೆಯ ಮಧ್ಯೆ ಗೆರೆ ಎಳೆದು ಎಡಕ್ಕೆ ಅವನದು, ಬಲಕ್ಕೆ ಅವಳದು ಬರೆಯುತ್ತ ಹೋದೆ. ತಾರೀಖು, ವಾಹನದ ಬಣ್ಣ, ಬಂದವರ ಸಂಖ್ಯೆ ಎಲ್ಲವೂ ಕೂಡಿಬಂದವು. ಒಂದು ಸಾಲಿನಲ್ಲಿ ಮಾತ್ರ ಎಡಗಡೆ "ಲೆಚಾ", ಬಲಗಡೆ "ದಾಶೋ". ಅದರ ಕೆಳಗೆ ಅಧಿಕಾರಿಯ ಪ್ರಶ್ನೆ: ಹಾಗಾದರೆ ಲೆಚಾ ಯಾರು? ಅದರ ಕೆಳಗೆ ಕಂಸದಲ್ಲಿ: ಅರ್ಜಿದಾರಳು ಉತ್ತರಿಸುವುದಿಲ್ಲ. ತೀರ್ಪು ಬರೆಯುವ ಹೊತ್ತಿಗೆ ಅದು "ಗೊತ್ತಿಲ್ಲ" ಎಂದಾಗಿತ್ತು.

ಪೆನ್ಸಿಲ್ ಕೆಳಗಿಟ್ಟೆ. ದಾಶೋ ಎಂದರೆ ನಮ್ಮಲ್ಲಿ ಚಿನ್ನದಂಥವನು. ನಮ್ಮ ಸೊಸೆಯಂದಿರು ಗಂಡನ ಕಡೆಯವರ ಹೆಸರನ್ನು ನಾಲಿಗೆಗೆ ತರುವುದಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಒಬ್ಬೊಬ್ಬರಿಗೂ ಒಂದೊಂದು ಕರೆಯುವ ಹೆಸರು ಇಟ್ಟುಕೊಳ್ಳುತ್ತಾರೆ. ಆಮೇಲೆ ಸಾಯುವವರೆಗೂ ಅದೇ. ನನ್ನ ಅತ್ತೆಯ ನಿಜವಾದ ಹೆಸರನ್ನು ನಾನು ಮೊದಲ ಸಲ ಗಟ್ಟಿಯಾಗಿ ಓದಿದ್ದು ಅವರ ಮರಣ ಪ್ರಮಾಣಪತ್ರದಲ್ಲಿ.

ಮರುದಿನ ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ಐಝಾನಳನ್ನು ಒಬ್ಬಳನ್ನೇ ಹಿಡಿದೆ.

"ಮೈದುನನ ಹೆಸರು ಕೇಳ್ದಾಗ ಏನಂದೆ?"

"ನಾನು ಕರೆಯೋ ಹೆಸರೇ ಹೇಳ್ದೆ ಅಕ್ಕ."

"ಇನ್ನೊಂದು ಹೆಸರು ಹೇಳಿ ಇದ್ಯಾರು ಅಂದಾಗ?"

ಅವಳು ಒಲೆಯ ಉರಿ ತಗ್ಗಿಸಿದಳು. ಮತ್ತೆ ಏರಿಸಿದಳು. "ತಲೆ ತಗ್ಗಿಸ್ದೆ."

"ಅವರು ಗೊತ್ತಿಲ್ಲ ಅಂತ ಬರ್ಕೊಂಡ್ರು."

"ನಾನು ಹಾಗನ್ಲೇ ಇಲ್ಲ."

"ಅನ್ಲಿಲ್ಲ. ಏನೂ ಅನ್ಲಿಲ್ಲ. ಯೂನಾದಿಗಾದ್ರೂ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಾನು ಸುಮ್ನಿದ್ದಿದ್ದಕ್ಕೇ ನಿಮ್ಮನ್ನ ಕೊಲ್ಲೋಕೆ ಕಳಿಸ್ತಾರೆ ಅಂತಲಾ?" ಅವಳು ಕೈ ಒರೆಸಿಕೊಂಡ ಬಟ್ಟೆಯಿಂದಲೇ ಮತ್ತೆ ಮತ್ತೆ ಒರೆಸಿಕೊಂಡಳು. "ಕೋರ್ಟಲ್ಲಿ ಹೇಳು ಅಂತೀರಿ. ನಾನೂ ಹೇಳ್ಬೇಕು ಅಂದ್ಕೋತೀನಿ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಹೇಳೋಕೆ ನೋಡ್ದೆ. ಬರಲ್ಲ ಅಕ್ಕ."

ನಮ್ಮ ಪ್ರಯೋಗಾಲಯದಲ್ಲಿ ಉಪಕರಣ ಏನನ್ನೂ ತೋರಿಸದಿದ್ದರೆ "ಶೂನ್ಯ" ಎಂದು ಬರೆಯಕೂಡದೆಂಬ ನಿಯಮವಿತ್ತು. "ಪತ್ತೆಯಾಗಲಿಲ್ಲ" ಎಂದೇ ಬರೆಯಬೇಕು. ಮೊದಲ ವರ್ಷ ನಾನು ತಪ್ಪು ಬರೆದು ಬೈಸಿಕೊಂಡಿದ್ದೆ. ಈ ನಿಯಮವನ್ನೂ, ಸೊಸೆ ಹೆಸರು ಹೇಳದಿರುವ, ಮದುವೆಯ ದಿನ ಅವಳ ಮಾತು ಬಿಡಿಸುವ ನಮ್ಮ ಪದ್ಧತಿಗಳನ್ನೂ ಸೇರಿಸಿ ಎರಡು ಪುಟದ ಟಿಪ್ಪಣಿ ಮಾಡಿ ಬ್ರಿಗಿಟೆಗೆ ಕೊಟ್ಟೆ.

"ಚೆನ್ನಾಗಿದೆ," ಎಂದಳು ಅವಳು. "ಆದ್ರೆ ಇದು ನಿಮ್ಮ ಮಾತು. ನ್ಯಾಯಾಧೀಶರಿಗೆ ಬೇಕಾಗಿರೋದು ಆಕೆಯ ಬಾಯಿಂದ. ಮಾವನ್ನ ಹೊರಗೆ ಕೂರಿಸಿದ್ರೆ ಹೇಳ್ತಾರಾ?"

ಮೊದಲ ವಿಚಾರಣೆಯಲ್ಲೂ ಮಾವ ಕೋಣೆಯಲ್ಲಿರಲಿಲ್ಲ. ಆಗಲೂ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಇನ್ನು ಉಳಿದಿದ್ದ ದಾರಿ ಆಲ್ವಿಗೆ ಹೇಳುವುದು. ಮಗನ ವಿಷಯವನ್ನು ತಂದೆಯ ಮುಂದೆ ಎತ್ತುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅಂಗಳದ ಬೆಂಚಿನ ಮೇಲೆ ಅವರ ಪಕ್ಕ ಕೂತು, ಕಾಗದದ ಮಾತೆಂಬಂತೆ ಎಲ್ಲವನ್ನೂ ಹೇಳಿದೆ.

ಅವರ ಕೈಯ ಮಣಿ ನಿಂತಿತು.

"ನಾನೂ ಮೂರು ವರ್ಷದಿಂದ ಅವನ ಹೆಸರು ಅಂದಿಲ್ಲ," ಎಂದರು. "ಅವಳು ಮರ್ಯಾದೆಗೆ ಅನ್ನಲ್ಲ. ನಾನು ಹೆದರಿ ಅನ್ನಲ್ಲ. ಅಂದ್ರೆ ಅವನು ಸತ್ತ ಅಂತ ಒಪ್ಪಿಕೊಂಡ ಹಾಗೆ ಅನ್ಸತ್ತೆ." ಆಮೇಲೆ ಮೂಗು ಒರೆಸಿಕೊಂಡು, "ಅವಳ ಮದುವೇಲಿ ನಾಲಿಗೆ ಬಿಚ್ಚಿಸೋಕೆ ಮೊದಲು ನಿಂತವನು ಅವನೇ, ಗೊತ್ತಾ? ಬಲು ತುಂಟ ಬಾಯಿ ಅವಂದು," ಎಂದರು.

ನಮ್ಮಲ್ಲಿ ಮದುವೆಯ ದಿನ ಮದುಮಗಳು ನೀರಿನ ಪಾತ್ರೆ ಹಿಡಿದು ಮಾತಿಲ್ಲದೆ ನಿಂತಿರುತ್ತಾಳೆ. ಗಂಡಿನ ಕಡೆಯವರು ನೀರು ಕೇಳುತ್ತ, ಅಣಕಿಸುತ್ತ ಅವಳನ್ನು ಕಾಡಿಸುತ್ತಾರೆ. ಕೊನೆಗೆ ಅವಳು "ಕುಡೀರಿ" ಅಂದರೆ ಆ ಮನೆಯಲ್ಲಿ ಮಾತಾಡುವ ಹಕ್ಕು ಸಿಕ್ಕಿದಂತೆ.

"ಆ ವಕೀಲಮ್ಮಂಗೆ ಹೇಳು, ನಾನು ಒಳಗೇ ಇರ್ತೀನಿ," ಎಂದು ಆಲ್ವಿ ಎದ್ದರು.

ವಿಚಾರಣೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಯೂನಾದಿ ಎರಡು ನಿಲ್ದಾಣ ಮೊದಲೇ ಎದ್ದು ಬಾಗಿಲ ಬಳಿ ಹೋಗಿ ನಿಂತ. ನ್ಯಾಯಾಧೀಶೆ ನಡುವಯಸ್ಸಿನವರು, ನೆಗಡಿಯಾಗಿತ್ತು, ಪದೇ ಪದೇ ಗಡಿಯಾರ ನೋಡುತ್ತಿದ್ದರು. ಯೂನಾದಿಯನ್ನು ಹೊರಗೆ ಕಳಿಸಿದರು. ವಯಸ್ಸು ನೋಡಿ ಆಲ್ವಿಯನ್ನು ಇರಗೊಟ್ಟರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಕೂರಲು ಹೇಳಿದರೂ ಐಝಾನ್ ಕೂರಲಿಲ್ಲ. ಮಾವನೆದುರು ಅವಳು ಎಂದೂ ಕೂತವಳಲ್ಲ.

"ನಿಮ್ಮ ಗಂಡನ ತಮ್ಮನ ಹೆಸರೇನು?" ರಷ್ಯನ್ ದುಭಾಷಿ ಪ್ರಶ್ನೆಯನ್ನು ಎರಡು ಸಲ ಹೇಳಿದ.

ಐಝಾನ್ ಮೇಜಿನ ಅಂಚು ಹಿಡಿದುಕೊಂಡಳು. ಬಾಯಿ ತೆರೆಯಿತು, ಮುಚ್ಚಿತು. ಗುಮಾಸ್ತೆಯ ಬೆರಳುಗಳು ಕೀಲಿಮಣೆಯ ಮೇಲೆ ಕಾಯುತ್ತಿದ್ದವು. ಇನ್ನೊಂದು ಅರ್ಧ ನಿಮಿಷ ಹೋದರೆ ಆ ಕಂಸ ಮತ್ತೆ ಬರುತ್ತದೆಂದು ನನಗೆ ಗೊತ್ತಿತ್ತು.

"ಮಗಳೇ, ನೀರು ಕೊಡು," ಎಂದರು ಆಲ್ವಿ, ನಮ್ಮ ಭಾಷೆಯಲ್ಲಿ.

ಮೇಜಿನ ಮೇಲೆ ಗಾಜಿನ ಹೂಜಿ ಇತ್ತು. ಅವಳು ಲೋಟಕ್ಕೆ ನೀರು ತುಂಬಿಸಿ ತಂದು ಅವರೆದುರು ನಿಂತಳು. ಅವರು ಕೈ ಚಾಚಲಿಲ್ಲ.

"ಇದು ಕುಡಿಯೋ ನೀರೋ, ಕಾಲು ತೊಳೆಯೋದೋ? ಮಾತಿಲ್ದೆ ಕೊಟ್ರೆ ಹೇಗೆ ಗೊತ್ತಾಗ್ಬೇಕು?"

"ಕುಡೀರಿ ದಾದಾ," ಎಂದಳು. ದಾದಾ ಎಂದರೆ ನಮ್ಮಲ್ಲಿ ಅಪ್ಪ.

"ಇಲ್ಲಿ ಏನು ನಡೀತಿದೆ?" ನ್ಯಾಯಾಧೀಶೆ ಕೇಳಿದರು. ದುಭಾಷಿಗೆ ನಮ್ಮ ಭಾಷೆ ಬರದು, ಅವನು ಭುಜ ಹಾರಿಸಿದ. ಬ್ರಿಗಿಟೆ ಎದ್ದು ಟಿಪ್ಪಣಿಯ ಎರಡನೆಯ ಪುಟ ತೋರಿಸಿದಳು.

"ಓದಿದೀನಿ. ಆದ್ರೆ ಆ ಹಿರಿಯರು ಇನ್ನೊಂದು ಮಾತಾಡಿದ್ರೆ ಹೊರಗೆ ಕಳಿಸ್ತೀನಿ."

ಆಲ್ವಿಗೆ ಇನ್ನೊಂದು ಮಾತು ಬೇಕಿರಲಿಲ್ಲ. ಅವರು ಲೋಟ ತೆಗೆದುಕೊಂಡು ಪೂರ್ತಿ ಕುಡಿದು, ತೋಳಿನಿಂದ ಬಾಯಿ ಒರೆಸಿಕೊಂಡು ಸೊಸೆಯನ್ನು ನೋಡಿದರು.

"ಮದುವೆ ದಿನ ನನ್ನ ಹತ್ರ ಮೊದಲು ನೀರು ಕೇಳಿದೋರು ಲೆಚಾ," ಎಂದಳು ಐಝಾನ್, ರಷ್ಯನ್ನಿನಲ್ಲಿ, ನ್ಯಾಯಾಧೀಶೆಯ ಕಡೆ ತಿರುಗಿ. "ನನ್ನ ಗಂಡನ ತಮ್ಮ ಲೆಚಾ. ನಾನು ದಾಶೋ ಅಂತಿದ್ದೆ."

ಆಮೇಲೆ ಅವಳು ನಿಲ್ಲಲಿಲ್ಲ. ನ್ಯಾಯಾಧೀಶೆ ಯೂನಾದಿಯ ಹೇಳಿಕೆಯನ್ನು ಬೆರಳಿನಡಿ ಇಟ್ಟುಕೊಂಡು ಕೇಳುತ್ತಾ ಹೋದರು. ಹಿಡಿದಾಗ ಲೆಚಾ ಏನು ಮಾಡುತ್ತಿದ್ದ? ಗೇಟಿನ ತಿರುಗಣಿಗೆ ಎಣ್ಣೆ ಹಾಕುತ್ತಿದ್ದ. ಅಲ್ಲಿ ಏನು ಬಿದ್ದಿತ್ತು? ಎಡಗಾಲಿನ ಬೂಟು. ಅದು ಈಗ ಎಲ್ಲಿ? ಅವಳು ತೊಳೆದು ಕಪಾಟಿನಲ್ಲಿಟ್ಟಿದ್ದಳು, ಊರು ಬಿಡುವಾಗ ಮಾವ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಾರೆ. ಆಲ್ವಿ ನೆಲ ನೋಡಿದರು. ಇದು ಅವಳಿಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲವೇನೋ.

ಕೊನೆಗೆ ದಾಖಲೆಯನ್ನು ಓದಿ ಹೇಳಿದರು. ಹೆಸರು ಬಂದಾಗಲೆಲ್ಲ ಆಲ್ವಿಯ ಹೆಬ್ಬೆರಳು ಒಂದು ಮಣಿ ಜರುಗಿಸಿತು.

ಐದು ವಾರದ ಮೇಲೆ ತೀರ್ಪು ಬಂತು. ಪೂರ್ತಿ ಓದದೆ ಬಾಯಿ ಬಿಡಬಾರದೆಂದು ನಾನು ಒಂಬತ್ತು ಪುಟವನ್ನೂ ಮೆಟ್ಟಿಲ ಮೇಲೆ ನಿಂತೇ ಓದಿದೆ. ಮೂವರೂ ಇಲ್ಲೇ ಉಳಿಯಬಹುದು. ಯೂನಾದಿ ಗೋಡೆಗೆ ಹಣೆ ಒತ್ತಿ ನಿಂತ. ಐಝಾನ್ ಚಹಾ ಇಟ್ಟಳು, ಸಕ್ಕರೆ ಎರಡು ಸಲ ಹಾಕಿದಳು.

"ಕೂತ್ಕೋ ತಬಾರಿಕ್," ಎಂದರು ಆಲ್ವಿ. "ಇವತ್ತು ತೂಕ ಸರಿಯಾಗಿದೆ."

ನಾನು ಕೂರಲಿಲ್ಲ. ಬಾಗಿಲಾಚೆ ಆ ತಳ್ಳುಗಾಡಿ ಕಾಣುತ್ತಿತ್ತು. ಚಳಿಗಾಲದಲ್ಲಿ ಮಾರೆಟ್ ತನ್ನ ತಿರಸ್ಕಾರದ ಕಾಗದವನ್ನು ನನ್ನ ಕೈಗೇ ಕೊಟ್ಟಿದ್ದಳು. ಗಂಡನ ತಂದೆಯ ಹೆಸರು ಅರ್ಜಿದಾರಳಿಗೆ ಗೊತ್ತಿಲ್ಲ ಎಂದು ಅದರಲ್ಲಿತ್ತು. ನಾನು ಅದನ್ನು ಓದಿ ಹೇಳಿದ್ದೆ. ಹೆದರಿ ಮರೆತಿರಬೇಕು ಎಂದುಕೊಂಡು ಮುಂದಿನ ಸಾಲಿಗೆ ಹೋಗಿದ್ದೆ. ಅವಳು ನನ್ನ ಮುಖ ನೋಡುತ್ತ ನಿಂತಿದ್ದಳು.

ಕಾರಿಡಾರಿಗೆ ಬಂದು ಬ್ರಿಗಿಟೆಗೆ ಫೋನ್ ಮಾಡಿದೆ. ಅವಳು ಅಭಿನಂದನೆ ಹೇಳಲು ಶುರುಮಾಡಿದಳು.

"ಏಳನೇ ಕೋಣೆಯವರ ಫೈಲು ನಿಮ್ಮತ್ರ ಇನ್ನೂ ಇದೆಯಾ?" ಎಂದು ಕೇಳಿದೆ. "ಅವರನ್ನ ಈಗ ಎಲ್ಲಿ ಇಟ್ಟಿದ್ದಾರೆ ಅಂತ ಯಾರಿಗಾದ್ರೂ ಗೊತ್ತಾ?"

ಅವಳು ಕಪಾಟು ತೆರೆಯುವ ಸದ್ದು ಕೇಳಿಸಿತು. ನಾನು ತಳ್ಳುಗಾಡಿಯ ಹಿಡಿಕೆ ಹಿಡಿದು ಕಾದೆ.